ಬಣ್ಣಕ್ಕೊಂದು ಕವಚ
(ಕಾಸರಗೋಡಿನಲ್ಲಿ ನಮ್ಮ ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನೊಬ್ಬನು ವೇದಿಕೆಯ ಮೇಲೆ ನಿಂತರೆ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುತ್ತಾನೆಂದು ತಾವೆಲ್ಲರೂ ನಿರೀಕ್ಷಿಸಿರುವುದು ಸಹಜ. ಆದರೆ ಈ ವರ್ಷ ಸಂಘದ ಕಾರ್ಯದರ್ಶಿಗಳು, “ಮಕ್ಕಳ ಕರಕುಶಲ ಪ್ರದರ್ಶನವೂ ಇದೆ, ಅದಕ್ಕೆ ಹೊಂದುವ ವಿಷಯವೊಂದನ್ನು ಹೇಳಿರಿ” ಎಂದು ಅಪ್ಪಣೆ ಮಾಡಿದ್ದಾರೆ. ಆದುದರಿಂದ ಇಂದು ನಾನು ಆರಿಸಿಕೊಂಡಿರುವ ವಿಷಯ ಬಹಳ ಚಿಕ್ಕದು: ಬಣ್ಣ ಹಚ್ಚಿದ ಪುಟ್ಟ ಬೊಂಬೆಗಳ ಮೇಲೆ ರಕ್ಷಣೆಗಾಗಿ ಮೆರುಗೆಣ್ಣೆಯನ್ನು ಸಿಂಪಡಿಸುವ ಬಗೆ. ವಿಷಯ ಚಿಕ್ಕದಾದರೂ ಅದನ್ನು ನಾನು ಕಲಿತುದು ದೊಡ್ಡದೊಂದು ತಪ್ಪಿನಿಂದ. ಆ ತಪ್ಪಿನ ಕಥೆಯಿಂದಲೇ ಪ್ರಾರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ಸ್ವಾತಂತ್ರ್ಯೋತ್ಸವದ ಪ್ರದರ್ಶನಕ್ಕಾಗಿ ನಮ್ಮ ಶಾಲೆಯ ಮಕ್ಕಳು ಯಕ್ಷಗಾನದ ವೇಷಗಳನ್ನು ಪುಟ್ಟ ಬೊಂಬೆಗಳಾಗಿ ಮಾಡಿದ್ದರು. ಕಾಗದದ ತಿರುಳಿಗೆ ಅಂಟು ಕಲಸಿ ಮಾಡಿದ, ಮೂರು ಅಂಗುಲ ಎತ್ತರದ ಬೊಂಬೆಗಳು. ಒಂಬತ್ತನೆಯ ತರಗತಿಯ ಹುಡುಗನೊಬ್ಬನು ರಾವಣನ ಬಣ್ಣದ ವೇಷವನ್ನು ಮಾಡಿದ್ದನು. ಅವನ ಅಜ್ಜನು ಮೇಳಗಳಲ್ಲಿ ಬಣ್ಣದ ವೇಷ ಕಟ್ಟಿ ಕುಣಿದವರು. ವಯಸ್ಸಾಗಿ ಮನೆಯಲ್ಲಿಯೇ ಕುಳಿತಿದ್ದ ಅವರು ಮೊಮ್ಮಗನನ್ನು ಎದುರಿಗೆ ಕೂಡಿಸಿಕೊಂಡು ಮುಖದ ಕೆಂಪು ಎಲ್ಲಿಯವರೆಗೆ, ಕಪ್ಪು ಎಲ್ಲಿಂದ, ಚಿಟ್ಟಿಯ ಸಾಲು ಯಾವ ಕ್ರಮದಲ್ಲಿ ಎಂಬುದನ್ನೆಲ್ಲ ಹೇಳಿಕೊಟ್ಟಿದ್ದರು. ನಿಜವಾದ ವೇಷದಲ್ಲಿ ಅಕ್ಕಿಹಿಟ್ಟಿನಿಂದ ಒಂದೊಂದಾಗಿ ಇಡುವ ಚಿಟ್ಟಿಯನ್ನು ಹುಡುಗನು ಸೂಜಿಯ ಮೊನೆಯಿಂದ ಬಿಳಿಯ ಬಣ್ಣದ ಚುಕ್ಕೆಗಳಾಗಿ ಇಟ್ಟಿದ್ದನು. ಹನ್ನೆರಡು ದಿನಗಳ ಕೆಲಸ ಅದು.

ಮಕ್ಕಳ ಕೈ ತಾಗಿ ಬಣ್ಣ ಹೋದೀತೆಂಬ ಭಯದಿಂದ ನಾನು ಅಂಗಡಿಯಿಂದ ಒತ್ತಿದರೆ ಚಿಮ್ಮುವ ವಾರ್ನಿಷಿನ ಡಬ್ಬಿಯೊಂದನ್ನು ತಂದೆನು. ಆಟಿಯ ತಿಂಗಳು. ಹೊರಗೆ ಜಡಿಮಳೆ. ಶಾಲೆಯ ಜಗಲಿಯಲ್ಲಿ ಬೊಂಬೆಗಳನ್ನು ಸಾಲಾಗಿ ನಿಲ್ಲಿಸಿ ಧಾರಾಳವಾಗಿ ಹೊಡೆದೆನು. ಹತ್ತು ನಿಮಿಷಗಳಲ್ಲಿ ಬೊಂಬೆಗಳ ಮೇಲೆಲ್ಲ ಬೂದಿ ಬಳಿದಂತೆ ಬಿಳಿಯ ಮಬ್ಬು ಕವಿಯಿತು. ರಾವಣನ ಕೆಂಪು ನರೆತುಹೋಯಿತು. ಚಿಟ್ಟಿಯ ಚುಕ್ಕೆಗಳು ಆ ಮಬ್ಬಿನಲ್ಲಿ ಕಾಣದಾದುವು. ಹುಡುಗನು ಅಳಲಿಲ್ಲ. “ಸರ್, ಅಜ್ಜನಿಗೆ ಎಂತ ಹೇಳುವುದು?” ಎಂದಷ್ಟೇ ಕೇಳಿದನು. ನನ್ನಲ್ಲಿ ಉತ್ತರವಿರಲಿಲ್ಲ.

ಕಾಪಾಡಬೇಕೆಂದು ಹಚ್ಚಿದುದೇ ಕೆಡಿಸಿತು. ಹೀಗೇಕಾಯಿತು? ಈ ಪ್ರಶ್ನೆಯ ಬೆನ್ನು ಹತ್ತಿ ನಾನು ಕಲಿತುದನ್ನು ತಮ್ಮ ಮುಂದಿಡುತ್ತೇನೆ.

ಮೊದಲು ಹೆಸರನ್ನು ನೋಡೋಣ. ವಾರ್ನಿಷು ಎಂಬುದಕ್ಕೆ ಕನ್ನಡದಲ್ಲಿ ಮೆರುಗೆಣ್ಣೆ ಎಂಬ ಸೊಗಸಾದ ಮಾತಿದೆ. ಬಣ್ಣದ ಮೇಲೆ ರಕ್ಷಣೆಯ ಲೇಪವನ್ನು ಕೊಡುವ ವಿದ್ಯೆ ನಮಗೆ ಹೊಸದೇನೂ ಅಲ್ಲ. ನಮ್ಮ ಜನಪದಕ್ಕೆ ಚೆನ್ನಾಗಿ ತಿಳಿದ ಲೇಪವೆಂದರೆ ಅರಗು. ಪಾಂಡವರನ್ನು ಸುಡಲು ಕೌರವರು ಕಟ್ಟಿಸಿದ ಅರಗಿನ ಮನೆಯನ್ನು ಅರಿಯದವರಾರು! ಮರದ ಕೊಂಬೆಗಳ ಮೇಲೆ ಕೆಂಪು ಕೀಟಗಳು ಸ್ರವಿಸುವ ಈ ರಾಳಕ್ಕೆ ಸಂಸ್ಕೃತದಲ್ಲಿ ಲಾಕ್ಷಾ ಎಂದು ಹೆಸರು. ಆ ಶಬ್ದವೇ ದೇಶಾಂತರಗಳನ್ನು ಸುತ್ತಿ ಇಂಗ್ಲಿಷಿನ ಲ್ಯಾಕರ್ ಆಗಿದೆ. ಚನ್ನಪಟ್ಟಣದ ಕುಶಲಿಗಳು ತಿರುಗುವ ಮರದ ಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿದ ಶಾಖಕ್ಕೆ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಸಾವಂತವಾಡಿಯಲ್ಲಿ ಕೈಯಿಂದ ಚಿತ್ರಿಸುವ ಗಂಜೀಫಾ ಎಲೆಗಳಿಗೂ ಅರಗಿನ ಲೇಪದ ಪರಂಪರೆಯಿದೆ. ಗಂಜೀಫಾ ಎಲೆಯು ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಚಿತ್ರ. ಆದರೆ ಅದು ಆಟದಲ್ಲಿ ಹತ್ತು ಕೈ ಸುತ್ತಬೇಕಾದುದು. ಕೈ ಸೋಕುವ ಚಿತ್ರಕ್ಕೆ ಕವಚ ಬೇಕೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು.

ಚಿತ್ರವು ಬಹುಕಾಲ ಬಾಳಬೇಕೆಂಬ ಚಿಂತೆ ನಮ್ಮ ಶಾಸ್ತ್ರಗ್ರಂಥಗಳಲ್ಲಿಯೂ ಕಾಣುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಚಿತ್ರಪ್ರಕರಣದಲ್ಲಿ ವಜ್ರಲೇಪದ ವಿಧಾನವಿದೆ. ಎಮ್ಮೆಯ ಚರ್ಮವನ್ನು ನೀರಿನಲ್ಲಿ ಬೆಣ್ಣೆಯಂತೆ ಮೆತ್ತಗಾಗುವವರೆಗೆ ಕುದಿಸಿ, ಕಡ್ಡಿಗಳಾಗಿ ಮಾಡಿ ಒಣಗಿಸಿಟ್ಟುಕೊಂಡು, ಬೇಕಾದಾಗ ಬಿಸಿನೀರಿನಲ್ಲಿ ಕರಗಿಸಿ ಬಳಸುವ ಅಂಟು ಅದು. ವಜ್ರಲೇಪವು ಚಿತ್ರದ ಅಡಿಗೆ ಬಲ. ಮೆರುಗೆಣ್ಣೆಯು ಚಿತ್ರದ ಮೇಲೆ ಕವಚ. ಎರಡರ ಗುರಿಯೂ ಒಂದೇ.

ಆದರೆ ಕವಚವೇ ಮುಸುಕಾಗುವುದೂ ಉಂಟು. ಹಾಲೆಂಡಿನ ಮಹಾಚಿತ್ರಕಾರ ರೆಂಬ್ರಾಂಟನು 1642ರಲ್ಲಿ ಮುಗಿಸಿದ ಒಂದು ದೊಡ್ಡ ಚಿತ್ರವನ್ನು ಜಗತ್ತೆಲ್ಲವೂ ‘ರಾತ್ರಿಯ ಕಾವಲು’ ಎಂದು ಕರೆಯುತ್ತದೆ. ವಾಸ್ತವವಾಗಿ ಅದು ರಾತ್ರಿಯ ದೃಶ್ಯವಲ್ಲ. ಮೇಲೆ ಮೇಲೆ ಬಳಿದ ವಾರ್ನಿಷು ಕಾಲಕ್ರಮದಲ್ಲಿ ಹಳದಿಯಾಗಿ, ಕಂದಾಗಿ, ಧೂಳು ಹೊಗೆಗಳನ್ನು ಹಿಡಿದು, ಹಗಲನ್ನು ಇರುಳಾಗಿಸಿತ್ತು. ಎರಡನೆಯ ಮಹಾಯುದ್ಧದ ನಂತರ, 1940ರ ದಶಕದಲ್ಲಿ, ಆ ಲೇಪವನ್ನು ತೆಗೆದಾಗ ಚಿತ್ರದೊಳಗೆ ಬೆಳಕು ಕಂಡಿತು. ಹಾಳಾದ ಲೇಪವನ್ನು ತೆಗೆಯಲು ಬಂದುದರಿಂದ ಚಿತ್ರ ಉಳಿಯಿತು. ಚಿತ್ರರಕ್ಷಣೆಯ ಪಂಡಿತರು ಇಂದು ಪಾಲಿಸುವ ಮುಖ್ಯವಾದ ನಿಯಮವೊಂದು ಇದೇ: ಮೇಲೆ ಹಚ್ಚುವುದು ಮುಂದೆ ಕೆಳಗಿನದಕ್ಕೆ ನೋವಾಗದಂತೆ ತೆಗೆಯಲು ಬರುವಂಥದಾಗಿರಬೇಕು.

ಇನ್ನು ಪುಟ್ಟ ಬೊಂಬೆಗಳ ವಿಷಯ. ಪಾಶ್ಚಾತ್ಯ ದೇಶಗಳಲ್ಲಿ, ಮುಖ್ಯವಾಗಿ ಇಂಗ್ಲೆಂಡಿನಲ್ಲಿ, ಹೆಬ್ಬೆರಳಿಗಿಂತ ಚಿಕ್ಕದಾದ ಸೈನಿಕರ ಬೊಂಬೆಗಳಿಗೆ ಬಣ್ಣ ಹಚ್ಚಿ, ಮೇಜಿನ ಮೇಲೆ ಯುದ್ಧದ ಆಟವಾಡುವ ಹವ್ಯಾಸ ಬಹಳ ಬೆಳೆದಿದೆ. 1893ರಲ್ಲಿ ಲಂಡನ್ನಿನ ಬ್ರಿಟನ್ ಎಂಬವರ ಮನೆತನವು ಒಳಗೆ ಟೊಳ್ಳಾದ ಸೀಸದ ಸೈನಿಕರನ್ನು ಎರಕ ಹೊಯ್ಯುವ ಉಪಾಯವನ್ನು ಕಂಡುಹಿಡಿದು ಅವುಗಳನ್ನು ಅಗ್ಗವಾಗಿಸಿತು. ವೈಜ್ಞಾನಿಕ ಕಾದಂಬರಿಗಳಿಂದ ಪ್ರಸಿದ್ಧರಾದ ಎಚ್. ಜಿ. ವೆಲ್ಸ್ ಅವರು 1913ರಲ್ಲಿ ಇಂಥ ಬೊಂಬೆಗಳ ಆಟದ ನಿಯಮಗಳನ್ನು ‘ಲಿಟಲ್ ವಾರ್ಸ್’ ಎಂಬ ಪುಸ್ತಕದಲ್ಲಿ ಬರೆದರು. 1983ರಲ್ಲಿ ‘ವಾರ್‌ಹ್ಯಾಮರ್’ ಎಂಬ ಆಟ ಬಂದ ಮೇಲೆ ಹವ್ಯಾಸವು ಇನ್ನೂ ಹಬ್ಬಿತು. ಈ ಬೊಂಬೆಗಳಲ್ಲಿ ಹೆಚ್ಚಿನವು ಸುಮಾರು 28 ಮಿಲಿಮೀಟರ್ ಎತ್ತರದವು. ಅವುಗಳ ಕಣ್ಣಿನ ಪಾಪೆಯನ್ನು ಸಹ ಬಿಡಿಸುವ ಕೈಚಳಕದವರು ಅಲ್ಲಿದ್ದಾರೆ. ಗಂಜೀಫಾದಂತೆಯೇ ಇವು ನೋಡುವುದಕ್ಕಷ್ಟೇ ಅಲ್ಲ, ಹಿಡಿದು ಆಡುವುದಕ್ಕೂ ಇರುವಂಥವು. ಬೆರಳಿನ ಬೆವರು, ಎಣ್ಣೆ, ಉಜ್ಜಾಟ ಇವುಗಳಿಂದ ಮೂಗಿನ ತುದಿ, ಕತ್ತಿಯ ಅಲಗು ಮೊದಲಾದ ಉಬ್ಬುಗಳಲ್ಲಿ ಬಣ್ಣ ಬೇಗನೆ ಸವೆಯುತ್ತದೆ. ಆದುದರಿಂದಲೇ ಅವರಿಗೆ ಮೆರುಗೆಣ್ಣೆ ಅನಿವಾರ್ಯವಾಯಿತು.

ಕುಂಚದಿಂದ ಹಚ್ಚಬಾರದೇ ಎಂದು ತಾವು ಕೇಳಬಹುದು. ಹಚ್ಚಬಹುದು, ಆದರೆ ಕಷ್ಟವಿದೆ. ಕುಂಚದ ಕೂದಲು ಕೆಳಗಿನ ಬಣ್ಣವನ್ನು ಎಬ್ಬಿಸೀತು. ಶಾಲೆಯಲ್ಲಿ ಬಳಸುವ ಪೋಸ್ಟರ್ ಬಣ್ಣವಾದರೆ ನೀರು ತಾಗಿದೊಡನೆ ಕದಡುತ್ತದೆ. ಲೇಪವು ಉಬ್ಬಿನಲ್ಲಿ ತೆಳುವಾಗಿ ತಗ್ಗಿನಲ್ಲಿ ಮಡುಗಟ್ಟುತ್ತದೆ. ಗುಳ್ಳೆಗಳೂ ಏಳುತ್ತವೆ. ಈ ತೊಡಕಿಗೆ ಪರಿಹಾರವಾಗಿ ಒದಗುವುದೇ ಏರ್‌ಬ್ರಷ್. ಅದನ್ನು ನಾನು ತರಗತಿಯಲ್ಲಿ ಗಾಳಿಕುಂಚ ಎಂದು ಕರೆಯುತ್ತೇನೆ. ಅಮೆರಿಕದಲ್ಲಿ 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಹುಟ್ಟಿದ ಈ ಉಪಕರಣಕ್ಕೆ 1890ರ ದಶಕದಲ್ಲಿ ಚಾರ್ಲ್ಸ್ ಬರ್ಡಿಕ್ ಎಂಬವರು ಇಂದಿನ ರೂಪಕ್ಕೆ ಹತ್ತಿರವಾದ ರೂಪವನ್ನು ಕೊಟ್ಟರು. ಛಾಯಾಚಿತ್ರಗಳನ್ನು ತಿದ್ದುವವರು ಅದನ್ನು ಬಹುಕಾಲ ಬಳಸಿದರು.

ಇದರ ತತ್ತ್ವ ಸರಳವಾದುದು. ಲೇಖನಿಯಂತೆ ಹಿಡಿಯುವ ಕೊಳವೆಯ ತುದಿಯಲ್ಲಿ ಸೂಕ್ಷ್ಮವಾದ ರಂಧ್ರ. ಅದರೊಳಗೆ ಚೂಪಾದ ಸೂಜಿ. ಮೇಲೆ ದ್ರವವನ್ನು ತುಂಬುವ ಪುಟ್ಟ ಬಟ್ಟಲು. ಹಿಂದಿನಿಂದ ಕಂಪ್ರೆಸರಿನ ಗಾಳಿ. ಗುಂಡಿಯನ್ನು ಕೆಳಕ್ಕೆ ಒತ್ತಿದರೆ ಗಾಳಿ ಬರುತ್ತದೆ. ಒತ್ತಿಕೊಂಡೇ ಹಿಂದಕ್ಕೆ ಎಳೆದರೆ ಸೂಜಿ ಸರಿದು ದ್ರವವು ರಂಧ್ರಕ್ಕೆ ಬರುತ್ತದೆ. ವೇಗದ ಗಾಳಿ ಅದನ್ನು ಮಂಜಿನ ಹನಿಗಳಾಗಿ ಒಡೆದು ಒಯ್ಯುತ್ತದೆ. ಬೊಂಬೆಗೆ ಏನೂ ತಾಗದೆಯೇ ಲೇಪ ಬೀಳುತ್ತದೆ.

ನನಗೆ ಇದನ್ನು ಕಲಿಸಿದವನು ನನ್ನ ಹಳೆಯ ವಿದ್ಯಾರ್ಥಿ. ಗಲ್ಫ್ ದೇಶದಲ್ಲಿ ಮೋಟಾರು ಗಾಡಿಗಳಿಗೆ ಬಣ್ಣ ಹೊಡೆಯುವ ಕೆಲಸದಲ್ಲಿದ್ದು ರಜೆಯ ಮೇಲೆ ಊರಿಗೆ ಬಂದಿದ್ದನು. ಮಬ್ಬು ಕವಿದ ರಾವಣನನ್ನು ನೋಡಿದೊಡನೆ ನಕ್ಕು, “ಮಾಷ್ಟ್ರೇ, ವ್ಯಾಕರಣದಲ್ಲಿ ನನ್ನ ಎಷ್ಟು ತಪ್ಪು ತಿದ್ದಿದ್ದೀರಿ! ಇದೊಂದನ್ನು ನಾನು ತಿದ್ದುತ್ತೇನೆ. ಮಳೆ ಬರುವಾಗ ಇದನ್ನು ಹೊಡೆಯಲೇ ಬಾರದಿತ್ತು” ಎಂದನು.

ಕಾರಣವನ್ನೂ ಅವನೇ ತಿಳಿಸಿದನು. ಡಬ್ಬಿಯ ವಾರ್ನಿಷಿನಲ್ಲಿ ಬೇಗನೆ ಆವಿಯಾಗುವ ದ್ರಾವಕವಿರುತ್ತದೆ. ಅದು ಹಾರಿಹೋಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಾಗಿದ್ದರೆ, ತಣ್ಣೀರಿನ ಲೋಟದ ಹೊರಗೆ ಹನಿಗಟ್ಟುವಂತೆ, ಒಣಗುತ್ತಿರುವ ಲೇಪದೊಳಗೆ ನೀರಿನ ಕಣಗಳು ಸಿಕ್ಕಿಬೀಳುತ್ತವೆ. ಆ ಕಣಗಳೂ, ಅವು ಬಿಟ್ಟುಹೋಗುವ ಸೂಕ್ಷ್ಮ ರಂಧ್ರಗಳೂ ಬೆಳಕನ್ನು ಚದರಿಸುವುದರಿಂದ ಲೇಪ ಬೆಳ್ಳಗೆ ಕಾಣುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಕಾಸರಗೋಡಿನಲ್ಲಿ, ಆಟಿಯ ತಿಂಗಳಲ್ಲಿ, ನಾನು ಮಾಡಿದುದಕ್ಕೆ ಬೇರೆ ಫಲ ದೊರೆಯುವಂತೆಯೇ ಇರಲಿಲ್ಲ.

ಈಗ ಸರಿಯಾದ ಕ್ರಮವನ್ನು ಹೇಳುತ್ತೇನೆ. ತಾಯಂದಿರೂ ಮಕ್ಕಳೂ ಗಮನವಿಟ್ಟು ಕೇಳಬೇಕೆಂದು ಬಿನ್ನಹ.

ಮೊದಲನೆಯದು, ಬಣ್ಣವು ಪೂರ್ತಿಯಾಗಿ ಒಣಗಿರಬೇಕು. ಒಂದು ಹಗಲು ಒಂದು ರಾತ್ರಿಯಾದರೂ ಕಾಯುವುದು ಲೇಸು. ಮೆತ್ತನೆಯ ಒಣ ಕುಂಚದಿಂದ ಧೂಳನ್ನು ತೆಗೆಯಬೇಕು. ಬೊಂಬೆಯ ಪೀಠವನ್ನು ಸೀಸೆಯ ಮುಚ್ಚಳವೊಂದಕ್ಕೆ ಅಂಟಿಸಿಕೊಂಡರೆ ಬೊಂಬೆಯನ್ನು ಮುಟ್ಟದೆ ತಿರುಗಿಸಬಹುದು.

ಎರಡನೆಯದು, ಮೆರುಗೆಣ್ಣೆಯ ಆಯ್ಕೆ. ಮನೆಯಲ್ಲಿ, ಶಾಲೆಯಲ್ಲಿ ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಜಾತಿಯದೇ ಉತ್ತಮ. ಇದರಲ್ಲಿ ಹೊಳೆಯುವುದು, ಅರೆಹೊಳಪಿನದು, ಹೊಳಪಿಲ್ಲದುದು ಎಂದು ಮೂರು ಬಗೆ. ಮೆರುಗಿಲ್ಲದ ಮೆರುಗೆಣ್ಣೆ! ವ್ಯಾಕರಣಕ್ಕೆ ಒಪ್ಪದಿದ್ದರೂ ಅಂಗಡಿಯಲ್ಲಿ ಅದು ದೊರೆಯುತ್ತದೆ. ಹೊಳಪನ್ನು ಕುಂದಿಸಲು ಅದರಲ್ಲಿ ಸಿಲಿಕದಂಥ ಅತಿ ಸೂಕ್ಷ್ಮವಾದ ಪುಡಿಯನ್ನು ಸೇರಿಸಿರುತ್ತಾರೆ. ಅದು ಸೀಸೆಯ ತಳದಲ್ಲಿ ಕೂಡುವುದರಿಂದ ಎರಡು ಮೂರು ನಿಮಿಷ ಚೆನ್ನಾಗಿ ಕುಲುಕಬೇಕು. ಬಲ್ಲವರು ಮೊದಲು ಹೊಳೆಯುವ ಲೇಪವನ್ನು ರಕ್ಷಣೆಗಾಗಿ ಕೊಟ್ಟು, ಅದು ಒಣಗಿದ ಮೇಲೆ ಹೊಳಪಿಲ್ಲದುದನ್ನು ನೋಟಕ್ಕಾಗಿ ಕೊಡುತ್ತಾರೆ.

ಮೂರನೆಯದು, ಹದ. ಮೆರುಗೆಣ್ಣೆ ಹಾಲಿನಷ್ಟು ತೆಳ್ಳಗಿರಬೇಕು. ಗಟ್ಟಿಯಾಗಿದ್ದರೆ ಅದಕ್ಕೆಂದೇ ಮಾಡಿದ ತೆಳುಕಾರಿಯನ್ನು ಸ್ವಲ್ಪ ಬೆರೆಸಬೇಕು. ರಂಧ್ರವು 0.4 ಅಥವಾ 0.5 ಮಿಲಿಮೀಟರಿನದಾದರೆ ಕಟ್ಟಿಕೊಳ್ಳುವ ತೊಂದರೆ ಕಡಿಮೆ. ಗಾಳಿಯ ಒತ್ತಡ ಚದರ ಅಂಗುಲಕ್ಕೆ 15ರಿಂದ 25 ಪೌಂಡುಗಳಷ್ಟಿದ್ದರೆ ಸಾಕು. ಅದುಮಿದ ಗಾಳಿಯಿಂದ ನೀರು ಇಳಿಯುವುದುಂಟಾದ್ದರಿಂದ, ಕೊಳವೆಯ ದಾರಿಯಲ್ಲಿ ನೀರನ್ನು ಹಿಡಿಯುವ ಪುಟ್ಟ ಸೋಸುಕವೊಂದು ನಮ್ಮ ಕರಾವಳಿಯಲ್ಲಿ ಇರಲೇಬೇಕು.

ನಾಲ್ಕನೆಯದು, ಕೈಯ ಅಭ್ಯಾಸ. ನಾಲ್ಕರಿಂದ ಆರು ಅಂಗುಲ ದೂರದಲ್ಲಿ ಹಿಡಿಯಿರಿ. ಬೊಂಬೆಯ ಹೊರಗೆ ಸಿಂಪಡಿಕೆಯನ್ನು ಆರಂಭಿಸಿ, ಬೊಂಬೆಯ ಮೇಲೆ ಒಂದೇ ವೇಗದಲ್ಲಿ ಹಾಯಿಸಿ, ಆಚೆಯ ಹೊರಗೆ ನಿಲ್ಲಿಸಿರಿ. ಆರಂಭಿಸುವಾಗ ಮೊದಲು ಗಾಳಿ, ಆಮೇಲೆ ದ್ರವ. ನಿಲ್ಲಿಸುವಾಗ ಮೊದಲು ದ್ರವ, ಆಮೇಲೆ ಗಾಳಿ. ಈ ಕ್ರಮ ತಪ್ಪಿದರೆ ದಪ್ಪ ಹನಿ ಬೀಳುತ್ತದೆ. ಮೇಲ್ಮೈ ಇಬ್ಬನಿ ತಾಗಿದಂತೆ ಒದ್ದೆಯಾಗಿ ಕಂಡೊಡನೆ ಕೈ ತೆಗೆಯಿರಿ. ಒಂದೇ ಬಾರಿಗೆ ಮುಗಿಸುವ ಆಸೆ ಬೇಡ. ತೆಳುವಾದ ಎರಡು ಮೂರು ಲೇಪಗಳು, ಒಂದೊಂದರ ನಡುವೆ ಅರ್ಧ ಗಂಟೆಯ ವಿರಾಮ. ಮಳೆಗಾಲದಲ್ಲಿ ಇನ್ನೂ ಹೆಚ್ಚು. ಕೊನೆಯ ಲೇಪದ ಮೇಲೆ ಒಂದು ದಿನ ಮುಟ್ಟಬಾರದು.

ಐದನೆಯದು, ಹವೆ. ತೇವ ಹೆಚ್ಚಾದರೆ ಲೇಪ ನಿಧಾನವಾಗಿ ಒಣಗಿ ಜಾರುತ್ತದೆ. ಬೇಸಗೆಯ ಒಣ ಸೆಕೆಯಲ್ಲಿ, ಇಲ್ಲವೇ ತುಂಬ ದೂರದಿಂದ ಹೊಡೆದರೆ, ಹನಿಗಳು ದಾರಿಯಲ್ಲಿಯೇ ಒಣಗಿ ಹುಡಿಯಾಗಿ ಕೂಡುತ್ತವೆ. ಬೊಂಬೆ ಮುಟ್ಟಿದರೆ ಮರಳು ಮರಳಾಗಿರುತ್ತದೆ. ಹೊಳಪಿಲ್ಲದ ಲೇಪವನ್ನು ದಪ್ಪವಾಗಿ ಕೊಟ್ಟರೆ ತಗ್ಗುಗಳಲ್ಲಿ ಬಿಳುಪು ನಿಲ್ಲುತ್ತದೆ. ಯಾವಾಗಲೂ ಮೊದಲು ಕೆಲಸಕ್ಕೆ ಬಾರದ ಬೊಂಬೆಯೊಂದರ ಮೇಲೆ ಪರೀಕ್ಷಿಸಿ ನೋಡಿರಿ. ನಾನು ಮಾಡದೆ ಹೋದುದು ಇದನ್ನೇ.

ಆರನೆಯದನ್ನು ಮರೆಯಲೇಬಾರದು: ಮಂಜಿನಂಥ ಆ ಹನಿಗಳು ಉಸಿರಿನೊಡನೆ ಶ್ವಾಸಕೋಶಕ್ಕೆ ಹೋಗಬಾರದು. ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಅದಕ್ಕೆಂದೇ ಇರುವ ಶೋಧಕದ ಮುಖಗವಸು ಬೇಕು, ಗಾಳಿ ಆಡುವ ಸ್ಥಳ ಬೇಕು. ದ್ರಾವಕದ ವಾರ್ನಿಷು ಬೆಂಕಿಗೆ ಬಹಳ ಬೇಗ ಹತ್ತಿಕೊಳ್ಳುತ್ತದೆ. ಒಲೆಯ ಬಳಿ, ದೀಪದ ಬಳಿ ಬೇಡ. ಅರಗಿನ ಮನೆಯ ಕಥೆಯನ್ನು ನೆನೆದರೆ ಸಾಕು. ಮಕ್ಕಳು ಹಿರಿಯರ ಸಮ್ಮುಖದಲ್ಲಿಯೇ ಈ ಕೆಲಸವನ್ನು ಮಾಡಬೇಕು. ಮುಗಿದೊಡನೆ ಉಪಕರಣವನ್ನು ತೊಳೆಯಬೇಕು. ಒಳಗೆ ಒಣಗಿದ ಮೆರುಗೆಣ್ಣೆ ಮತ್ತೆ ಬಿಡುವುದು ಕಷ್ಟ.

ಯಾವುದಕ್ಕೆ ಹಚ್ಚಬಾರದೆಂಬುದನ್ನೂ ಹೇಳಬೇಕು. ಚನ್ನಪಟ್ಟಣದ ಗೊಂಬೆಗೆ ಸ್ಪಿರಿಟ್ಟಿನ ವಾರ್ನಿಷನ್ನು ಹಚ್ಚಬೇಡಿರಿ. ಅರಗು ಸ್ಪಿರಿಟ್ಟಿನಲ್ಲಿ ಕರಗುವುದರಿಂದ ಬಣ್ಣವೇ ಎದ್ದು ಬಂದೀತು. ಮನೆಯ ದೇವರ ಹಳೆಯ ಪಟ, ಅಜ್ಜಿಯ ಕಾಲದ ಬಣ್ಣದ ಬೊಂಬೆ, ಹಳೆಯ ಬೊಂಬೆಯಾಟದ ಮುಖಗಳು, ಇವುಗಳಿಗೆ ನಾವಾಗಿ ಏನನ್ನೂ ಹಚ್ಚದಿರುವುದೇ ರಕ್ಷಣೆ. ಅವುಗಳನ್ನು ಬಿಸಿಲಿನಿಂದಲೂ ತೇವದಿಂದಲೂ ದೂರವಿಟ್ಟು, ಬಲ್ಲವರಿಗೆ ತೋರಿಸಿರಿ.

ಇನ್ನು ರಾವಣನಿಗೆ ಏನಾಯಿತೆಂದು ಹೇಳದೆ ಮುಗಿಸಿದರೆ ತಾವು ನನ್ನನ್ನು ಕ್ಷಮಿಸಲಾರಿರಿ. ಮಳೆ ಬಿಟ್ಟ ಒಂದು ದಿನ, ಬಿಸಿಲು ಚೆನ್ನಾಗಿ ಏರಿದ ಮೇಲೆ, ಆ ಹಳೆಯ ವಿದ್ಯಾರ್ಥಿ ತನ್ನ ಗಾಳಿಕುಂಚವನ್ನು ತಂದನು. ಮಬ್ಬು ಕವಿದ ಬೇರೊಂದು ಮುರಿದ ಬೊಂಬೆಯ ಮೇಲೆ ಮೊದಲು ಹೊಳೆಯುವ ಮೆರುಗೆಣ್ಣೆಯನ್ನು ತೆಳುವಾಗಿ ಕೊಟ್ಟು ನೋಡಿದನು. ಆ ದ್ರವವು ಮಬ್ಬಿನ ಸೂಕ್ಷ್ಮ ರಂಧ್ರಗಳನ್ನು ತುಂಬಿದರೆ ಬೆಳಕು ಚದರುವುದು ನಿಂತು ಬಣ್ಣ ಮತ್ತೆ ಕಾಣುತ್ತದೆಂಬುದು ಅವನ ಲೆಕ್ಕಾಚಾರ. ಲೆಕ್ಕ ತಪ್ಪಲಿಲ್ಲ. ಬಳಿಕ ರಾವಣನನ್ನು ಎತ್ತಿಕೊಂಡನು. ಒಂದು ಲೇಪ, ಎರಡು ಲೇಪ. ನಮ್ಮ ಕಣ್ಣೆದುರಿಗೇ ಕೆಂಪು ಮೇಲೆದ್ದು ಬಂದಿತು. ಅದರ ಹಿಂದೆ ಕಪ್ಪು. ಕೊನೆಗೆ ಚಿಟ್ಟಿಯ ಚುಕ್ಕೆಗಳು ಒಂದೊಂದಾಗಿ ತೋರಿದುವು. ಎಡತೋಳಿನ ಕೆಳಗೆ ಒಂದಿಷ್ಟು ಬಿಳುಪು ಉಳಿಯಿತು. ಅದು ಇಂದಿಗೂ ಇದೆ. ನನ್ನ ತಪ್ಪಿನ ಗುರುತಾಗಿ ಇರಲಿ.

ಆ ದಿನ ಸಂಜೆ ಹುಡುಗನೊಡನೆ ನಾನೂ ಅವನ ಮನೆಗೆ ಹೋದೆನು. ನಡೆದುದನ್ನೆಲ್ಲ ಅಜ್ಜನಿಗೆ ತಿಳಿಸಿ ಕ್ಷಮೆ ಕೇಳಿದೆನು. ಅವರು ಬೊಂಬೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದರು: “ನಾವು ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಇಟ್ಟ ಚಿಟ್ಟಿ ಬೆಳಗಾದರೆ ಎಣ್ಣೆ ಹಾಕಿ ಒರೆಸಿದಲ್ಲಿಗೆ ಮುಗಿಯಿತು, ಮಾಷ್ಟ್ರೇ. ಅದಕ್ಕೆ ಬೇಸರ ಮಾಡಿದ್ದಿಲ್ಲ. ಮರುದಿನ ಮತ್ತೆ ಇಡುತ್ತಿದ್ದೆವು. ಈಗ ನನ್ನ ಕೈ ನಡುಗುತ್ತದೆ. ಇಡುವುದು ಇವನಿಗೆ ಗೊತ್ತಾಯಿತಲ್ಲ, ಅಷ್ಟು ಸಾಕು. ಬೊಂಬೆ ಉಳಿದದ್ದು ಲಾಭ.”

ಮಹನೀಯರೇ, ಅಂದಿನಿಂದ ನನಗೆ ಆ ಮಾತು ಮರೆತಿಲ್ಲ. ನಾನು ಬೊಂಬೆಯ ರಕ್ಷಣೆಯನ್ನು ಚಿಂತಿಸುತ್ತಿದ್ದೆನು. ಅವರು ವಿದ್ಯೆಯ ರಕ್ಷಣೆಯನ್ನು ಮುಗಿಸಿಯೇ ಕುಳಿತಿದ್ದರು. ಗಡಿನಾಡಿನಲ್ಲಿ ಕನ್ನಡವನ್ನು ಕಾಪಾಡಬೇಕೆಂದು ನಾವು ಪ್ರತಿವರ್ಷವೂ ಇಲ್ಲಿ ಸೇರುತ್ತೇವೆ. 1956ರ ರಾಜ್ಯ ಪುನರ್ವಿಂಗಡಣೆಯಿಂದ ಈಚೆಗೆ ನಮ್ಮ ಹಿರಿಯರು ಸಲ್ಲಿಸಿದ ಮನವಿಗಳೂ, ಮಾಡಿದ ಠರಾವುಗಳೂ ಈ ಭಾಷೆಗೆ ತೊಡಿಸಿದ ಕವಚವೇ ಸರಿ. ಅದು ಬೇಕು, ಅದನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ಕವಚವಿರುವುದು ಒಳಗಿನ ಬಣ್ಣಕ್ಕಾಗಿ. ಒಳಗೆ ಬಣ್ಣವನ್ನು ಹಚ್ಚುವವರು ಅಜ್ಜ ಅಜ್ಜಿಯರು, ತಂದೆ ತಾಯಿಗಳು. ಮೊಮ್ಮಗನನ್ನು ಎದುರಿಗೆ ಕೂಡಿಸಿಕೊಂಡು ಚುಕ್ಕೆಯ ಮೇಲೆ ಚುಕ್ಕೆಯಿಡಲು ಕಲಿಸುವ ಆ ಕೆಲಸವನ್ನು ಯಾವ ಸಂಘವೂ ಯಾವ ಶಾಲೆಯೂ ಅವರ ಬದಲಾಗಿ ಮಾಡಲಾರದು.

ಹೊರಗಿನ ಕೋಣೆಯಲ್ಲಿ ಮಕ್ಕಳ ಬೊಂಬೆಗಳಿವೆ. ದಯವಿಟ್ಟು ಎಲ್ಲರೂ ನೋಡಿಕೊಂಡೇ ಹೋಗಬೇಕು. ಕೈಗೆತ್ತಿಕೊಂಡು ನೋಡಿದರೂ ಅಡ್ಡಿಯಿಲ್ಲ. ಈ ಬಾರಿ ಒಳ್ಳೆಯ ಬಿಸಿಲಿನಲ್ಲಿ, ತೆಳುವಾಗಿ, ಮೂರು ಲೇಪ ಕೊಟ್ಟಿದ್ದೇವೆ.